ಹನಿ ಹನಿಯಾಗಿ ಕೂಡಿದ ಬೆಳಕು
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಆಕಾಶದ ಫೋಟೋ ತೆಗೆಯಲು ಹೋಗಿ ನಾನು ಸೋತ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಈ ಹುಚ್ಚು ಹತ್ತಿದ್ದು ಭಾಷೆಯ ಪಾಠದಿಂದಲೇ. ನಾವು ರೋಹಿಣಿ ಎನ್ನುವ ನಕ್ಷತ್ರವನ್ನು ಅರಬ್ಬರು ಅಲ್ ದಬರಾನ್ ಎಂದು ಕರೆದರು. ಹಿಂಬಾಲಿಸುವವನು ಎಂದು ಅದರ ಅರ್ಥ. ಅದು ಹಿಂಬಾಲಿಸುವುದು ಕೃತ್ತಿಕೆಯನ್ನು, ಅಂದರೆ ಸುರಯ್ಯಾಳನ್ನು. ಇಷ್ಟು ಚೆಂದದ ಹೆಸರುಗಳನ್ನು ಪಾಠ ಮಾಡುವವನು ಅವುಗಳ ಮುಖವನ್ನೂ ನೋಡಬೇಡವೇ?

130 ಮಿ.ಮೀ. ಕನ್ನಡಿಯ ಒಂದು ಟೆಲಿಸ್ಕೋಪ್ ಮತ್ತು ಹಳೆಯ ಕ್ಯಾಮೆರಾ ಕೊಂಡೆ. "ಸೋಮವಾರ ನೀಹಾರಿಕೆಯ ಫೋಟೋ ತರುತ್ತೇನೆ" ಎಂದು ಮಕ್ಕಳಿಗೆ ಮಾತು ಕೊಟ್ಟೆ. ಜನವರಿಯ ರಾತ್ರಿ, ಮನೆಯ ತಾರಸಿ. ಮಹಾವ್ಯಾಧನ ನಡುಪಟ್ಟಿಯ ಕೆಳಗಿರುವ ನೀಹಾರಿಕೆಗೆ ಗುರಿಯಿಟ್ಟೆ. ಬಂದದ್ದೇನು? ನಕ್ಷತ್ರಗಳೆಲ್ಲ ಗೆರೆಗಳಾಗಿದ್ದವು, ನಡುವೆ ಒರೆಸಿದ ಸೀಮೆಸುಣ್ಣದಂಥ ಒಂದು ಕಲೆ. ಬೆಳಗಿನ ಜಾವದ ಹೊತ್ತಿಗೆ ಕನ್ನಡಿಯ ಮೇಲೆ ಇಬ್ಬನಿಯೂ ಕೂತಿತ್ತು.

ಭಾನುವಾರ ರಾತ್ರಿ ಮೊಬೈಲ್‌ನಲ್ಲಿ ಹಬಲ್ ದೂರದರ್ಶಕ ತೆಗೆದ ಬಣ್ಣದ ಚಿತ್ರ ಕಣ್ಣಿಗೆ ಬಿತ್ತು. ಅದನ್ನೇ ತೋರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಈ ಆಲೋಚನೆ ಬಂದದ್ದು ನಿಜ, ಸುಳ್ಳು ಹೇಳಲಾರೆ. ಆದರೆ ನಕಲು ಮಾಡಬೇಡಿ ಎಂದು ಪರೀಕ್ಷೆಯಲ್ಲಿ ಹೇಳುವ ಬಾಯಿ ನನ್ನದೇ ತಾನೆ? ನನ್ನ ಕಲೆಯ ಫೋಟೋವನ್ನೇ ಒಯ್ದೆ. ಮಕ್ಕಳು ನಕ್ಕರು. ಆಮೇಲೆ ಒಬ್ಬ ಹುಡುಗಿ ಕೇಳಿದಳು: "ಸರ್, ನಕ್ಷತ್ರ ಯಾಕೆ ಗೆರೆಯಾಗಿದೆ? ಭೂಮಿ ತಿರುಗ್ತಾ ಇರೋದಕ್ಕಾ?" ಹಬಲ್ ಚಿತ್ರ ತೋರಿಸಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಅವಳು ಹೇಳಿದ್ದೇ ಸರಿ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತದೆ. ಟೆಲಿಸ್ಕೋಪ್ ಕೂಡ ಅದೇ ವೇಗದಲ್ಲಿ ಹಿಂಬಾಲಿಸಬೇಕು. ಅದಕ್ಕೆ ಮೋಟಾರು ಬೇಕು. ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗೆ ನೆಟ್ಟಿರಬೇಕು. ನಮ್ಮ ನಾಡಿನಲ್ಲಿ ಧ್ರುವ ನಕ್ಷತ್ರ ತೀರಾ ಕೆಳಗೆ, ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ ಎತ್ತರದಲ್ಲಿದೆ. ಒಂದು ತೆಂಗಿನ ಮರ ಸಾಕು, ಅದನ್ನು ಮರೆಮಾಡಲು.

ಇನ್ನೊಂದು ಗುಟ್ಟು ಉಂಟು. ಒಂದೇ ಫೋಟೋದಿಂದ ಕೆಲಸವಾಗದು. ತಲಾ 30 ಸೆಕೆಂಡಿನ ನೂರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ ಸರಾಸರಿ ಮಾಡಬೇಕು. ಆಗ ಚಿತ್ರದ ಮೇಲಿನ ಮರಳು ಮರಳಾದ ಚುಕ್ಕೆಗಳು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತವೆ, ನೀಹಾರಿಕೆಯ ಬೆಳಕು ಮಾತ್ರ ನಿಲ್ಲುತ್ತದೆ. ಹನಿಗೂಡಿದರೆ ಹಳ್ಳ ಎಂಬುದು ಇದೇ. ಸುಮಾರು 1,300 ವರ್ಷ ಪಯಣಿಸಿ ಬಂದ ಆ ಬೆಳಕಿಗಾಗಿ ನಾವು ಒಂದು ಗಂಟೆ ಕಾಯಲಾರೆವೇ?

ಈ ದಾರಿಯಲ್ಲಿ ಮೊದಲು ನಡೆದವರೂ ಹವ್ಯಾಸಿಗಳೇ. ಇದೇ ನೀಹಾರಿಕೆಯ ಮೊದಲ ಫೋಟೋವನ್ನು 1880ರಲ್ಲಿ ತೆಗೆದ ಹೆನ್ರಿ ಡ್ರೇಪರ್ ಅಮೆರಿಕದ ಒಬ್ಬ ವೈದ್ಯ. 1883ರಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಫೋಟೋದಲ್ಲಿ ಹಿಡಿದ ಆಂಡ್ರ್ಯೂ ಕಾಮನ್ ಇಂಗ್ಲೆಂಡಿನ ಒಬ್ಬ ಎಂಜಿನಿಯರ್. ಅವರಿಗಿಂತ ಬಹಳ ಹಿಂದೆ, 964ರ ಸುಮಾರಿಗೆ, ಪರ್ಷಿಯಾದ ಅಬ್ದುಲ್ ರಹಮಾನ್ ಅಲ್ ಸೂಫಿ ತಮ್ಮ ನಕ್ಷತ್ರಗಳ ಗ್ರಂಥದಲ್ಲಿ ಒಂದು 'ಪುಟ್ಟ ಮೋಡ'ವನ್ನು ದಾಖಲಿಸಿದರು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ. ಅವರಿಗೆ ಅದೇನೆಂದು ತಿಳಿಯುವಂತಿರಲಿಲ್ಲ. ಕಂಡಷ್ಟನ್ನೇ ಬರೆದರು. ಅಷ್ಟೇ ಸಾಕಾಯಿತು, ಇಂದಿಗೂ ಅವರ ಹೆಸರು ನಿಂತಿದೆ.

ವಿದ್ಯಾರ್ಥಿಗಳೇ, ಟೆಲಿಸ್ಕೋಪ್ ಕೊಡಿಸಿ ಎಂದು ಇಂದೇ ಅಬ್ಬಾಜಾನರನ್ನು ಪೀಡಿಸಬೇಡಿ. ಮೊದಲು ಬರಿಗಣ್ಣಿನಲ್ಲಿ ಹತ್ತು ನಕ್ಷತ್ರಗಳನ್ನು ಗುರುತಿಸಲು ಕಲಿಯಿರಿ. ಮತ್ತೆ, ಯಾವ ವಿಷಯವೇ ಆಗಲಿ, ನಿಮ್ಮ ಮೊದಲ ಮಸುಕಾದ ಫೋಟೋವನ್ನು ಬಚ್ಚಿಡಬೇಡಿ. ನನ್ನದು ನಮ್ಮ ತರಗತಿಯ ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿ, ಮರುವರ್ಷ ನೂರು ಫೋಟೋ ಕೂಡಿಸಿ ಮಾಡಿದ ಚಿತ್ರವೂ ಇದೆ. ಅದರಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿಯೇ ಇವೆ. ಆದರೆ ಮಕ್ಕಳು ಹೆಚ್ಚು ಪ್ರಶ್ನೆ ಕೇಳುವುದು ಮೊದಲನೆಯದರ ಮುಂದೆಯೇ.