ಕಟ್ಟಿದ ತೆರಿಗೆ, ಕೊಟ್ಟ ದೇಣಿಗೆ

(ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ವೈದ್ಯಕೀಯ ನೆರವು ನಿಧಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಿಧಿಗೆ ಹಣ ಕೇಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ನಮ್ಮ ದಾನಿಗಳೊಬ್ಬರು ನೇರವಾಗಿಯೇ ಕೇಳಿದರು: “ತೆರಿಗೆ ಕಟ್ಟುತ್ತೇವಲ್ಲ, ಆಸ್ಪತ್ರೆ ಖರ್ಚು ನೋಡಿಕೊಳ್ಳುವುದು ಸರ್ಕಾರದ ಕೆಲಸ. ಮತ್ತೆ ಸಂಘಕ್ಕೇಕೆ ಕೊಡಬೇಕು?” ನ್ಯಾಯವಾದ ಪ್ರಶ್ನೆ.

ಮೊದಲು ನಾವು ಏನು ಕಟ್ಟುತ್ತೇವೆ ನೋಡೋಣ. ಆದಾಯ ತೆರಿಗೆಯ ಮೇಲೆ ಶೇ. 4ರಷ್ಟು ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಇದೆ. 2018ರ ಬಜೆಟ್‌ಗೆ ಮುಂಚೆ ಇದು ಶೇ. 3 ಇತ್ತು, ಶಿಕ್ಷಣಕ್ಕೆ ಮಾತ್ರ. ನಿಮ್ಮ ತೆರಿಗೆ 50,000 ರೂಪಾಯಿ ಆದರೆ ಸೆಸ್ 2,000. ಅಹಮದಾಬಾದ್‌ನ ಎಸ್‌ವಿಪಿ ಆಸ್ಪತ್ರೆಯೂ ಸೂರತ್‌ನ ಸ್ಮಿಮೆರ್ ಆಸ್ಪತ್ರೆಯೂ ಮಹಾನಗರಪಾಲಿಕೆಗಳವು. ನಾವು ಕಟ್ಟುವ ಮನೆ ಕಂದಾಯದ ಪಾಲು ಅಲ್ಲೂ ಇದೆ. ಸೂರತ್‌ನ ಹೋಟೆಲಿನಲ್ಲಿ ದೋಸೆ ಹುಯ್ಯುವ ಹುಡುಗ ಆದಾಯ ತೆರಿಗೆ ಕಟ್ಟದೆ ಇರಬಹುದು, ಆದರೆ ಸೋಪು ಕೊಂಡಾಗ ಜಿಎಸ್‌ಟಿ ಕೊಡುತ್ತಾನೆ. ಅವನೂ ತೆರಿಗೆದಾರನೇ.

ಈ ಹಣದಿಂದ ಆಗಿರುವ ಕೆಲಸ ಸಣ್ಣದಲ್ಲ. ಗುಜರಾತ್ ಸರ್ಕಾರ 2012ರಲ್ಲಿ ‘ಮುಖ್ಯಮಂತ್ರಿ ಅಮೃತಂ’, ಅಂದರೆ ‘ಮಾ’ ಯೋಜನೆಯನ್ನು ಬಡ ಕುಟುಂಬಗಳಿಗಾಗಿ ತಂದಿತು. ಮುಂದೆ ಅದು ಆಯುಷ್ಮಾನ್ ಭಾರತ್ ಜೊತೆ ಸೇರಿತು. 2023ರ ಜುಲೈನಿಂದ ಇಲ್ಲಿನ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತಿದೆ. 70 ವರ್ಷ ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯದ ಮಿತಿಯೇ ಇಲ್ಲ. ಇಡೀ ದೇಶದ ಲೆಕ್ಕದಲ್ಲಿ, ಆರೋಗ್ಯಕ್ಕೆ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ ಮನೆಯವರೇ ಜೇಬಿನಿಂದ ಕೊಡುತ್ತಿದ್ದದ್ದು 2013–14ರಲ್ಲಿ 64. 2021–22ರಲ್ಲಿ ಅದು 39ಕ್ಕೆ ಇಳಿದಿದೆ.

ಆದರೂ 39 ಉಳಿದಿದೆಯಲ್ಲ! 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇ. 2.5 ಆಗಬೇಕು ಎಂದಿತು. 2021–22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ. 1.84. ಇನ್ನೊಂದು ತೊಡಕಿದೆ. ಆಸ್ಪತ್ರೆಗಳು ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಸೆಸ್ ಹಣವನ್ನು ಮಾತ್ರ ಕೇಂದ್ರವು ಇತರ ತೆರಿಗೆಗಳಂತೆ ರಾಜ್ಯಗಳಿಗೆ ಹಂಚಬೇಕಾಗಿಲ್ಲ. ಅದು ಕೇಂದ್ರದ ಯೋಜನೆಗಳ ಮೂಲಕ ಸುತ್ತಿ ಬರಬೇಕು.

ಹಾಗಾದರೆ ಆ ಖರ್ಚನ್ನೆಲ್ಲ ಸಂಘವೇ ಹೊರುತ್ತದೆಯೇ? ಸಾಧ್ಯವಿಲ್ಲ. ಒಂದೆರಡು ಬೈಪಾಸ್ ಆಪರೇಷನ್ನಿಗೆ ನಮ್ಮ ನಿಧಿ ಖಾಲಿ. ದೊಡ್ಡ ಖರ್ಚಿಗೆ ದೊಡ್ಡ ಗುಂಪೇ ಬೇಕು. ಕರ್ನಾಟಕದ ಸಹಕಾರ ಸಂಘಗಳ ರೈತರು 2003ರಲ್ಲಿ ‘ಯಶಸ್ವಿನಿ’ ಶುರುವಾದಾಗ ವರ್ಷಕ್ಕೆ 60 ರೂಪಾಯಿ ಕಟ್ಟಿ, ಸರ್ಕಾರದ ಪಾಲೂ ಸೇರಿ, ಶಸ್ತ್ರಚಿಕಿತ್ಸೆ ಪಡೆದದ್ದು ಹೀಗೆಯೇ. ಲಕ್ಷಾಂತರ ಜನ ಕಟ್ಟಿದ್ದರಿಂದ ಒಬ್ಬೊಬ್ಬರ ಹೊರೆ ಹಗುರಾಯಿತು. ತೆರಿಗೆಯ ತತ್ವವೂ ಅದೇ.

ಕಳೆದ ವರ್ಷ ನೆರವು ಕೇಳಿ ಬಂದ ಒಂದು ಕುಟುಂಬದ ವಿಷಯ ಹೇಳುತ್ತೇನೆ, ಹೆಸರು ಬೇಡ. ಯಜಮಾನರು ಹೋಟೆಲಿನ ಅಡುಗೆಯವರು. ಎದೆನೋವು ಬಂತು, ಸ್ಟೆಂಟ್ ಹಾಕಿದರು, ಹೆಂಡತಿಯ ಬಳೆ ಅಡವಿಗೆ ಹೋಯಿತು. ಆಯುಷ್ಮಾನ್ ಕಾರ್ಡ್‌ಗೆ ಅವರು ಅರ್ಹರಿದ್ದರು, ಮಾಡಿಸಿರಲಿಲ್ಲ. ಬಿಲ್ ಕಟ್ಟಿದ ಮೇಲೆ ಯೋಜನೆಯಿಂದ ಆ ಹಣ ಬರಲಿಲ್ಲ. “ಸರ್ಕಾರದ ಧರ್ಮಕ್ಕೆ ಕೈ ಚಾಚುವುದು ಯಾಕೆ ಅಂತ ಸುಮ್ಮನಿದ್ದೆವು ಅಣ್ಣ” ಎಂದರು ಆ ತಾಯಿ. ಅದು ಧರ್ಮವಲ್ಲ, ಬಂಧುಗಳೇ. ಅವರೇ ಕೊಟ್ಟ ದುಡ್ಡು.

ಇನ್ನು ಕಾರ್ಡ್ ಇದ್ದರೂ ತೆರಿಗೆಯ ಹಣ ತಲುಪದ ಜಾಗಗಳಿವೆ. ಆ ಯೋಜನೆ ಒಳರೋಗಿಗಳಿಗೆ. ಮನೆಗೆ ಬಂದ ಮೇಲೆ 15 ದಿನದ ಔಷಧಿವರೆಗೆ ನೋಡಿಕೊಳ್ಳುತ್ತದೆ. ಹದಿನಾರನೆಯ ದಿನದ ಮಾತ್ರೆ? ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಆಟೋ? ಪಾರ್ಶ್ವವಾಯು ಆದ ಅಜ್ಜನನ್ನು ಎತ್ತಿ ಕೂರಿಸಲು ಒಂದು ಆಳು? ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ರಾಜ್ಯ ತನ್ನ ಪಾಲು ಸೇರಿಸಿದರೂ ಅದರಲ್ಲಿ ಆರೈಕೆಯ ಆಳು ಸಿಗುವುದಿಲ್ಲ. ಊರಿನಲ್ಲಾದರೆ ಅಕ್ಕಪಕ್ಕದವರು, ನೆಂಟರು ಇರುತ್ತಾರೆ. ಇಲ್ಲಿ ನಮಗೆ ನಾವೇ ನೆಂಟರು.

ಆದ್ದರಿಂದ ನನ್ನ ಕೋರಿಕೆ ಮೂರು.

ಒಂದು, ಮೂರೂ ಊರುಗಳಲ್ಲಿ ಕಾರ್ಡ್ ಮಾಡಿಸುವ ಕೆಲಸಕ್ಕೆ ಇಬ್ಬಿಬ್ಬರು ಸ್ವಯಂಸೇವಕರು ಬೇಕು. ಗುಜರಾತಿ ಓದಬಲ್ಲ ನಮ್ಮ ಮಕ್ಕಳು ಮುಂದೆ ಬರಲಿ. ಮನೆಯಲ್ಲಿ 70 ದಾಟಿದವರಿದ್ದರೆ ಈ ವಾರವೇ ಮಾಡಿಸಿ. ಊರಿನ ಆಯುಷ್ಮಾನ್ ಕಾರ್ಡ್ ಇದ್ದವರು ಎಸೆಯಬೇಡಿ. ಯೋಜನೆಗೆ ಸೇರಿದ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ, ದಾಖಲಾಗುವ ಮೊದಲೇ ತೋರಿಸಿ.

ಎರಡು, ನಮ್ಮ ನಿಧಿ ಇನ್ನು ಮೊದಲು ಹೋಗಲಿ ಕಾರ್ಡ್ ಕೊಡದ ಖರ್ಚಿಗೆ: ಔಷಧಿ, ಓಡಾಟ, ಆರೈಕೆ. ಒಂದು ಆಪರೇಷನ್ನಿಗೆ ಹೋಗುತ್ತಿದ್ದ ಹಣದಲ್ಲಿ ಹಲವು ಮನೆಗಳಿಗೆ ವರ್ಷವಿಡೀ ನೆರವಾಗುತ್ತದೆ.

ಮೂರು, ವೋಟು ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆಗೆ ಆಸ್ಪತ್ರೆಯ ವಿಷಯವನ್ನೂ ಕೇಳಿ. ತೆರಿಗೆ ಕಟ್ಟಿದವರಿಗೆ ಆ ಅಧಿಕಾರ ಇದೆ.

ಹೊಸ ತೆರಿಗೆ ಪದ್ಧತಿಯಲ್ಲಿ ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ ಎಂದು ಗೊತ್ತಿದ್ದೂ ನೀವು ಕೊಡುತ್ತಿದ್ದೀರಿ. ಅದಕ್ಕೆ ಸಂಘ ಋಣಿ. ನನ್ನನ್ನು ಕೇಳಿದ ಹಿರಿಯರಿಗೆ ಉತ್ತರ ಇಷ್ಟೇ: ತೆರಿಗೆ ಆಸ್ಪತ್ರೆಯ ಬಾಗಿಲು ತೆರೆಯಬೇಕು. ಆ ಬಾಗಿಲಿನಿಂದ ಮನೆಯವರೆಗಿನ ದಾರಿಯಲ್ಲಿ ಜೊತೆಗೆ ನಡೆಯುವವರು ನಾವು.