ತಮಾಶಬೀನರು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮುಹಮ್ಮದ್ ಅಲಿಯವರ ಹೆಸರು ಕೇಳದವರು ನಿಮ್ಮಲ್ಲಿ ಇರಲಾರರು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯ ಸೇರಲು ಒಪ್ಪದೆ ಅವರು ಚಾಂಪಿಯನ್ ಪಟ್ಟವನ್ನೇ ಕಳೆದುಕೊಂಡರು. ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಇಂದು ನಾನು ಹೇಳಹೊರಟಿರುವುದು ನಾವು ಹೇಳದೆ ಬಿಡುವ ಇನ್ನೊಂದು ದಿನದ ಮಾತು.

1980ರ ಅಕ್ಟೋಬರ್ 2, ಲಾಸ್ ವೇಗಸ್ ನಗರ. ಅಲಿಯವರಿಗೆ ಆಗ 38 ವರ್ಷ. ಅವರ ವೈದ್ಯ ಫರ್ಡಿ ಪಚೆಕೊ, ಇನ್ನು ಸಾಕು ಎಂದು ಹೇಳಿ, ಕೇಳದಿದ್ದಾಗ 1977ರಲ್ಲೇ ಬಿಟ್ಟು ಹೋಗಿದ್ದರು. ಆದರೂ ಪಂದ್ಯ ಏರ್ಪಾಡಾಯಿತು, ಏಕೆಂದರೆ ಹಣ ಕೊಟ್ಟು ನೋಡುವವರಿದ್ದರು. ಎದುರಾಳಿ ಲ್ಯಾರಿ ಹೋಮ್ಸ್ ಹಿಂದೆ ಅಲಿಯವರ ಅಭ್ಯಾಸದ ಜೊತೆಗಾರ. ಸುತ್ತಿನ ಮೇಲೆ ಸುತ್ತು ಅಲಿ ಹೊಡೆತ ತಿಂದರು. ಹತ್ತನೆಯ ಸುತ್ತಿನ ನಂತರ ತರಬೇತುದಾರ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಗೆದ್ದ ಹೋಮ್ಸ್ ಅತ್ತುಬಿಟ್ಟರು. 1984ರಲ್ಲಿ ಅಲಿಯವರಿಗೆ ಪಾರ್ಕಿನ್ಸನ್ ರೋಗವೆಂದು ತಿಳಿಯಿತು. ಅದರಲ್ಲಿ ಹೊಡೆತಗಳ ಪಾಲೆಷ್ಟು ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ ಜ್ಯೋತಿ ಹಿಡಿದ ಅವರ ನಡುಗುವ ಕೈಗಳನ್ನು ಮಾತ್ರ ಜಗತ್ತೇ ನೋಡಿತು.

1982ರ ನವೆಂಬರ್‌ನಲ್ಲಿ ಅದೇ ಊರಿನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಎಂಬ ಯುವಕ 14ನೆಯ ಸುತ್ತಿನಲ್ಲಿ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅಮೆರಿಕದ ಮನೆಮನೆಯಲ್ಲಿ ಟಿವಿಯಲ್ಲಿ ನೇರ ಪ್ರಸಾರ! ಆಮೇಲೆ ಸುತ್ತುಗಳನ್ನು 15ರಿಂದ 12ಕ್ಕೆ ಇಳಿಸಿದರು. ಎದುರಾಳಿ ಮ್ಯಾನ್ಸಿನಿ ಯಾವ ನಿಯಮವನ್ನೂ ಮುರಿದಿರಲಿಲ್ಲ. ಕ್ರಿಕೆಟ್‌ನಲ್ಲಿ ಚೆಂಡು ತಲೆಗೆ ಬಡಿದರೆ ಆಟ ನಿಲ್ಲುತ್ತದೆ, ಎಲ್ಲರೂ ಓಡಿ ಬರುತ್ತಾರೆ. ಇಲ್ಲಿ ತಲೆಗೆ ಹೊಡೆದು ಎಚ್ಚರ ತಪ್ಪಿಸಿದರೆ ಅದೇ ಗೆಲುವು. ಗ್ಲೌಸ್ ಇದೆಯಲ್ಲ ಎನ್ನುತ್ತೀರಿ. ಅದು ಕಾಯುವುದು ಹೊಡೆಯುವವನ ಮುಷ್ಟಿಯನ್ನು; ಒಳಗೆ ಅಲುಗಾಡುವ ಮೆದುಳನ್ನಲ್ಲ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿಯವರು (ಸ) ತಡೆದಿರುವುದು ನಿಮಗೆ ಗೊತ್ತೇ ಇದೆ.

ನಾನೇನು ಶುದ್ಧನಲ್ಲ. 2022ರಲ್ಲಿ ನಿಖತ್ ಝರೀನ್ ವಿಶ್ವ ಚಾಂಪಿಯನ್ ಆದಾಗ ಸಿಹಿ ಹಂಚಿದವನು ನಾನೇ. ಇಂದಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಪಂದ್ಯ ನೋಡುವಾಗ ನನ್ನ ಕೈಯೂ ಮುಷ್ಟಿ ಕಟ್ಟಿತ್ತು.

ಉರ್ದುವಿನಲ್ಲಿ ತಮಾಶಬೀನ್ ಎಂಬ ಮಾತಿದೆ, ನಿಂತು ನೋಡುವವನು ಎಂದರ್ಥ. ಈ ವರ್ಷ ನಮ್ಮ ಶಾಲೆಯ ಅಂಗಳದಲ್ಲಿ ಏಳನೆಯ ತರಗತಿಯ ಇಬ್ಬರು ಹುಡುಗರು ಹೊಡೆದಾಡುತ್ತಿದ್ದರು. ಸುತ್ತಲೂ ನಲವತ್ತು ಮಂದಿ, "ಹೊಡಿ, ಹೊಡಿ" ಎಂಬ ಕೂಗು. ನಾನು ಆ ಇಬ್ಬರನ್ನು ಮುಟ್ಟಲಿಲ್ಲ. ಮೊದಲು ಸುತ್ತ ನಿಂತವರನ್ನು ತರಗತಿಗೆ ಅಟ್ಟಿದೆ. ತಿರುಗಿ ನೋಡಿದರೆ ಹೊಡೆದಾಟ ಆಗಲೇ ನಿಂತಿತ್ತು. ಇಬ್ಬರೂ ಬಗ್ಗಿ, ಕಿತ್ತುಹೋದ ಅಂಗಿಯ ಗುಂಡಿಯನ್ನು ಮಣ್ಣಿನಲ್ಲಿ ಹುಡುಕುತ್ತಿದ್ದರು.