ನೆಲ ತಟ್ಟಿ ನೋಡುವ ವಿದ್ಯೆ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭೂವಿಜ್ಞಾನಿಯಲ್ಲ, ಐಟಿಯವಳು. ಎಂ.ಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದ್ದರಿಂದ ಈ ವಿಷಯದ ನಂಟು ಬೆಳೆಯಿತು. ಪುಣೆಯಲ್ಲಿ ನೆಲೆಸಿದ ನಮಗೆ ಇದು ದೂರದ ಮಾತಲ್ಲ. 1967ರ ಡಿಸೆಂಬರ್‌ನಲ್ಲಿ ಕೊಯ್ನಾ ನಡುಗಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಕರ್ನಾಟಕದ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ, ಮಲಗಿದ್ದ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳಡಿ ಸಿಕ್ಕಿ ಸತ್ತರು. ಆಗಿನ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ವಲಯ!

ಭೂಮಿಯೊಳಗೆ ಬಂಡೆಗಳು ಸೀಳಿ, ಒಂದು ಇನ್ನೊಂದರ ಪಕ್ಕ ಜಾರುವ ಜಾಗಕ್ಕೆ ಸ್ತರಭಂಗ ಎನ್ನುತ್ತಾರೆ. ಎಷ್ಟೋ ಸ್ತರಭಂಗಗಳ ಮೇಲೆ ಮಣ್ಣು ಮುಚ್ಚಿ, ಊರೇ ಎದ್ದಿರುತ್ತದೆ. ಅವನ್ನು ನೋಡುವುದು ಹೇಗೆ?

ಹಲಸಿನ ಹಣ್ಣು ಕೊಳ್ಳುವಾಗ ನಾವು ತಟ್ಟಿ ನೋಡುತ್ತೇವಲ್ಲ, ಹಾಗೆಯೇ. ನೆಲದ ಮೇಲೆ ಲೋಹದ ತಟ್ಟೆಯಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಸಾಲಾಗಿ ನೆಟ್ಟ ಜಿಯೋಫೋನ್ ಎಂಬ ಪುಟ್ಟ ಸಾಧನಗಳು, ಕೆಳಗಿನ ಪದರಗಳಿಗೆ ತಾಗಿ ಹಿಂದಿರುಗುವ ಅಲೆಗಳನ್ನು ಹಿಡಿಯುತ್ತವೆ. ಅಲೆ ಮರಳಲು ತೆಗೆದುಕೊಂಡ ಮಿಲಿಸೆಕೆಂಡುಗಳಿಂದ ಪದರದ ಆಳ ಸಿಗುತ್ತದೆ. ಚಿತ್ರದಲ್ಲಿ ನೇರವಾಗಿ ಸಾಗುವ ಪದರ ಒಂದೆಡೆ ಮೆಟ್ಟಿಲಿನಂತೆ ಮುರಿದಿದ್ದರೆ, ಅಲ್ಲಿ ನೆಲ ಜಾರಿದೆ ಎಂದರ್ಥ.

ಆದರೆ ಪೇಟೆಯಲ್ಲಿ ಬಸ್ಸು, ಲಾರಿಗಳ ಗದ್ದಲವಿದೆಯಲ್ಲ? ಇಲ್ಲಿ ನನ್ನ ಮೆಚ್ಚಿನ ಗಣಿತ ಬರುತ್ತದೆ. ಒಂದೇ ಜಾಗದಲ್ಲಿ ಹತ್ತು ಸಲ ಹೊಡೆದು ದಾಖಲೆಗಳನ್ನು ಕೂಡಿಸಿದರೆ, ನಿಜವಾದ ಪ್ರತಿಧ್ವನಿ ಹತ್ತು ಪಟ್ಟಾಗುತ್ತದೆ. ಗೊತ್ತುಗುರಿಯಿಲ್ಲದ ಗದ್ದಲ ಸುಮಾರು ಮೂರು ಪಟ್ಟು ಮಾತ್ರ.

ಲಾಸ್ ಏಂಜಲೀಸ್ ನಗರದ ಕೆಳಗಿರುವ ಪ್ಯೂಂಟೆ ಹಿಲ್ಸ್ ಸ್ತರಭಂಗದ ಕಥೆ ಕೇಳಿ. ಅದು ನೆಲದ ಮೇಲೆ ಕಾಣುವುದೇ ಇಲ್ಲ. ತೈಲ ಕಂಪನಿಗಳು ಸಂಗ್ರಹಿಸಿದ್ದ ಕಂಪನ ಚಿತ್ರಗಳ ನೆರವಿನಿಂದ 1999ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಆದರೆ ಆ ಚಿತ್ರಗಳು ಕಿಲೋಮೀಟರುಗಳ ಆಳಕ್ಕೆ ಹೊಂದಿದವು; ಮೇಲಿನ ಎಳೆಯ ಮಣ್ಣು ಅವುಗಳಲ್ಲಿ ಮಸುಕು. ಇತ್ತೀಚಿನ ಕಂಪಗಳ ಗುರುತು ಇರುವುದೋ ಆ ಮಣ್ಣಿನಲ್ಲೇ. ಹಾಗಾಗಿ ಮೇಲ್ಪದರದ ಸೂಕ್ಷ್ಮ ಚಿತ್ರಣ ಮಾಡಿ, ಸರಿಯಾದ ಜಾಗದಲ್ಲಿ ಕೊಳವೆ ಕೊರೆದು ಮಣ್ಣಿನ ವಯಸ್ಸು ಅಳೆದರು. ಕಳೆದ 11,000 ವರ್ಷಗಳಲ್ಲಿ ಅಲ್ಲಿ ಕನಿಷ್ಠ ನಾಲ್ಕು ದೊಡ್ಡ ಭೂಕಂಪಗಳಾಗಿವೆ ಎಂದು 2003ರಲ್ಲಿ ಪ್ರಕಟಿಸಿದರು.

ಮುಂದಿನ ಕಂಪ ಯಾವಾಗ ಎಂದು ಈ ಚಿತ್ರ ಹೇಳದು. ಎಲ್ಲಿ, ಎಷ್ಟು ದೊಡ್ಡದು ಆಗಬಹುದು ಎಂಬುದಕ್ಕೆ ಸುಳಿವು ಕೊಡುತ್ತದೆ. ಕಟ್ಟುವವರಿಗೆ ಬೇಕಾದದ್ದು ಅದೇ.

ಇನ್ನು ನಮ್ಮ ಪಾಲಿನ ಕೆಲಸ. 2001ರ ಭುಜ್ ಭೂಕಂಪದಲ್ಲಿ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಮನೆಗಳು ಕುಸಿದವು. ಕೆಳಗೆ ಗೋಡೆಯಿಲ್ಲದ ಪಾರ್ಕಿಂಗ್ ಬಿಟ್ಟು, ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳು ಅವುಗಳಲ್ಲಿ ಹಲವು. ನಮ್ಮಲ್ಲೂ ಅಂಥವು ಬೀದಿಬೀದಿಗೂ ಇವೆ. ಇಪ್ಪತ್ತು ವರ್ಷ ಕಂತು ಕಟ್ಟುವವರು ನಾವು. ಫ್ಲ್ಯಾಟ್ ನೋಡಲು ಹೋದಾಗ ಅಡುಗೆಮನೆಯ ಗ್ರಾನೈಟಿನ ಜೊತೆ ಇವನ್ನೂ ಕೇಳೋಣ: ಮಣ್ಣು ಪರೀಕ್ಷೆಯ ವರದಿ ಎಲ್ಲಿ? ಐಎಸ್ 1893 ಮತ್ತು ಐಎಸ್ 13920ರ ಪ್ರಕಾರ ವಿನ್ಯಾಸ ಮಾಡಿ ಸಹಿ ಹಾಕಿದ ಇಂಜಿನಿಯರ್ ಯಾರು? ಉತ್ತರ ಕಾಗದದಲ್ಲಿ ಬರಲಿ, ಬಾಯಿಮಾತಿನಲ್ಲಿ ಬೇಡ.